ಮಬ್ಬೂರಿನ ಕೈಕೋವಿಗೆ ಯಾವ ಮದ್ದು?

ಬಹಳ ಹಿಂದೆ, ಅಂದರೆ ನನ್ನ ಮುತ್ತಜ್ಜನಿಗೂ ಹಲ್ಲು ಮೂಡದಿದ್ದ ಕಾಲದಲ್ಲಿ, ಮಬ್ಬೂರು ಎಂಬ ಒಂದು ರಾಜ್ಯವಿತ್ತು. ಅದು ಏಳು ಬೆಟ್ಟಗಳ ನಡುವೆ ಇತ್ತು. ಎಂಟು ಬೆಟ್ಟ ಎನ್ನುವವರೂ ಇದ್ದಾರೆ. ಅವರು ಅಲ್ಲಿ ನನ್ನಷ್ಟು ಓಡಾಡಿದವರಲ್ಲ.

ಆ ರಾಜ್ಯದ ಮೇಲೆ ಧೂಮಕರ್ಣ ಎಂಬ ಮಾಂತ್ರಿಕ ಒಂದು ಮಂಜು ಊದಿದ. ಅದು ಕಣ್ಣಿಗೆ ಕವಿಯುವ ಮಂಜಲ್ಲ, ತಲೆಗೆ ಕವಿಯುವ ಮಂಜು. ಈಗ ಮಾಡಿದ್ದು ಈಗಲೇ ಮರೆತುಹೋಗುತ್ತಿತ್ತು. ಉಂಡವರು ಮತ್ತೆ ಎಲೆ ಹಾಕಿಕೊಂಡು ಕೂರುತ್ತಿದ್ದರು. ಅರಸ ಸಿಂಹಮಲ್ಲ ತನ್ನ ಮಂತ್ರಿಯನ್ನು "ಅಮ್ಮಾ" ಎನ್ನುತ್ತಿದ್ದ. ಮಂತ್ರಿ ಮೀಸೆ ತಿರುವುತ್ತ "ಏನು ಮಗನೇ?" ಎನ್ನುತ್ತಿದ್ದ.

ಆ ಊರಿನ ಸಂತೆಯಲ್ಲಿ ಕಾಳು ಅಳೆಯುವವನು ಜಟ್ಟಪ್ಪ. ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, "ಲಾಭ" ಎನ್ನುತ್ತಾರೆ. ಆಮೇಲೆ ಎರಡು, ಮೂರು. ಮಂಜು ಬಂದಮೇಲೆ ಜಟ್ಟಪ್ಪ "ಲಾಭ" ದಾಟಿ ಮುಂದೆ ಹೋದದ್ದೇ ಇಲ್ಲ. ಲಾಭ, ಲಾಭ, ಲಾಭ ಎನ್ನುತ್ತಲೇ ಇಡೀ ಗಾಡಿಯ ರಾಗಿ ಅಳೆದುಬಿಡುತ್ತಿದ್ದ.

ಅವನ ತಂಗಿ ಸೂರಮ್ಮ ಮಹಾ ಮಾತಿನ ಮಲ್ಲಿ. ಒಂದು ದಿನ ದಾರಿಯಲ್ಲಿ ಧೂಮಕರ್ಣನನ್ನು ತಡೆದು, "ಏ ಹೊಗೆಮೂತಿಯವನೇ, ಅಷ್ಟೊಂದು ಊದೋ ಚಪಲ ಇದ್ರೆ ನಮ್ಮನೆ ಒಲೆ ಊದು ಬಾ" ಎಂದಳು. ಮಾಂತ್ರಿಕ ಅವಳನ್ನು ಗೊರವಂಕ ಹಕ್ಕಿಯನ್ನಾಗಿ ಮಾಡಿ ತನ್ನ ಬಲ ಹೆಗಲ ಮೇಲೆ ಕೂರಿಸಿಕೊಂಡ. "ದಿನಾ ನಿನ್ನ ಮಾತುಗಳು ಉದುರುತ್ತಾ ಹೋಗಲಿ. ಅಣ್ಣನ ಹೆಸರೂ ಉದುರಿದ ದಿನ ನೀನು ಕಾಯಂ ಹಕ್ಕಿ" ಎಂದು ಶಪಿಸಿದ.

ಜಟ್ಟಪ್ಪ ಅರಮನೆಗೆ ಓಡಿದ.

"ಕತ್ತಿ, ಬಿಲ್ಲು, ಈಟಿ ಎಲ್ಲಕ್ಕೂ ಅವನ ಹತ್ತಿರ ಮಂತ್ರ ಇದೆ. ಈ ಕೈಕೋವಿ ಹೊಸದು, ಇದಕ್ಕೆ ಇನ್ನೂ ಮಂತ್ರ ಹುಟ್ಟಿಲ್ಲ. ಅವನ ಎಡಗಿವಿಯಲ್ಲಿ ಗಾಜಿನ ಗಂಟೆ ನೇತಾಡುತ್ತೆ, ಅದರಲ್ಲೇ ಅವನ ಜೀವ. ಅದಕ್ಕೆ ಹೊಡಿ" ಎಂದು ಅರಸ ಮೊಳಕೈಗಿಂತ ಗಿಡ್ಡದಾದ ಒಂದು ಕೋವಿ ಕೊಟ್ಟ. ಕೊಟ್ಟದ್ದು ಮರೆತು ಇನ್ನೊಂದನ್ನೂ ಕೊಟ್ಟ. ಜೊತೆಗೆ ಒಂದಿಷ್ಟು ತೋಟಾಗಳು, ಅಂದರೆ ಖಾಲಿ ಹಿತ್ತಾಳೆ ಕೊಳವೆಗಳು, ಮತ್ತು ಗುಂಡುಗಳು. ತೋಟಾದೊಳಗೆ ತುಂಬುವ ಮದ್ದು ಮಾತ್ರ ಇರಲಿಲ್ಲ. ಅದನ್ನು ಅಡುಗೆಯವರು ಮೆಣಸಿನಪುಡಿ ಎಂದು ಸಾರಿಗೆ ಹಾಕಿದ್ದರು. ಆ ವಾರ ಅರಮನೆಯಲ್ಲಿ ತೇಗಲಿಕ್ಕೂ ಹೆದರುತ್ತಿದ್ದರು.

"ಯಾವ ಮದ್ದು ತರಲಿ, ಪ್ರಭು?"

"ಜೋರಾಗಿರೋದು ತಗೋ" ಎಂದ ಅರಸ.

"ಮೆಲ್ಲಗೆ ಉರಿಯೋದು ತಗೋ" ಎಂದ ಮಂತ್ರಿ.

"ಅಮ್ಮ ಹೇಳಿದ ಹಾಗೆ ಮಾಡು" ಎಂದ ಅರಸ. "ಆದರೆ ಜೋರಾಗಿರೋದೇ ತಗೋ."

ಜಟ್ಟಪ್ಪ ತಲೆ ಕೆರೆದುಕೊಂಡು ಹೊರಟ.

ಮೊದಲ ಬೆಟ್ಟದಲ್ಲಿ ಕೆಂಡದ ಬಾಲದ ಮುಂಗುಸಿ ಮಿಂಚುಮದ್ದನ್ನು ಕಾಯುತ್ತಿತ್ತು. "ನನ್ನ ಬಾಲ ಹಿಡ್ಕೊ. ನಾನು ಹಾಡು ಮುಗಿಸೋವರೆಗೂ ಕಿರುಚದಿದ್ದರೆ ಮದ್ದು ನಿನ್ನದು" ಎಂದಿತು. ಜಟ್ಟಪ್ಪ ಹಿಡಿದ. ಏನು ಹಿಡಿದಿದ್ದೇನೆ ಎಂಬುದೇ ಮರೆತದ್ದರಿಂದ ಕಿರುಚಲಿಲ್ಲ.

"ರೆಪ್ಪೆ ಬಡಿಯೋದರೊಳಗೆ ಉರಿದುಬಿಡುತ್ತೆ. ತೋಟಾದ ತಳದಲ್ಲಿ ಒಂದು ಚಿಟಿಕೆ ಇದ್ದರೆ ಸಾಕು" ಎಂದಿತು ಮುಂಗುಸಿ.

ಜಟ್ಟಪ್ಪ ತೋಟಾಕ್ಕೆ ಒಂದು ಚಿಟಿಕೆ ಹಾಕಿ "ಲಾಭ" ಎಂದ. ಒಳಗೆ ಇಣುಕಿದ, ಕತ್ತಲು. ಹಾಕಿದೆನೋ ಇಲ್ಲವೋ? ಇನ್ನೊಂದು ಚಿಟಿಕೆ ಹಾಕಿ ಮತ್ತೆ "ಲಾಭ" ಎಂದ. ಅದೃಷ್ಟಕ್ಕೆ ಕೋವಿಯನ್ನು ಮರಕ್ಕೆ ಕಟ್ಟಿ, ಬಂಡೆಯ ಹಿಂದೆ ಕೂತು ಗುಂಡು ಹಾರಿಸುವ ಕುದುರೆಯನ್ನು ಹಗ್ಗದಿಂದ ಎಳೆದ. ಢಮಾರ್! ಕೋವಿಯೂ ಇಲ್ಲ, ಮರವೂ ಇಲ್ಲ.

"ಅಯ್ಯೋ ನಿನ್ನ! ಎರಡು ಚಿಟಿಕೆ ಹಾಕಿದೆಯೇನೋ?" ಎಂದಿತು ಮುಂಗುಸಿ.

"ಗೊತ್ತಿಲ್ಲ ಮಾರಾಯ. ನನ್ನ ಲೆಕ್ಕದಲ್ಲಿ ಒಂದೇ."

ಎರಡನೆಯ ಬೆಟ್ಟದಲ್ಲಿ ಮೂರು ತಲೆಯ ಹೆಬ್ಬಾವು ಸೋಮಾರಿಮದ್ದನ್ನು ಕಾಯುತ್ತಿತ್ತು. "ಮೂರೂ ತಲೆ ಮಲಗೋ ಹಾಗೆ ಜೋಗುಳ ಹಾಡು" ಎಂದಿತು. ಜಟ್ಟಪ್ಪನಿಗೆ ಎರಡನೆಯ ಸಾಲು ಮರೆತುಹೋಗಿತ್ತು. ಮೊದಲ ಸಾಲನ್ನೇ ಎಷ್ಟು ಸಲ ಹಾಡಿದನೆಂದರೆ ಎರಡು ತಲೆ ನಿದ್ದೆ ಹೋದವು. ಮೂರನೆಯದು "ಸಾಕಪ್ಪಾ, ಮದ್ದು ತಗೊಂಡು ತೊಲಗು" ಎಂದು ತಾನಾಗಿ ಕಣ್ಣು ಮುಚ್ಚಿತು.

ಈ ಮದ್ದು ನಿಧಾನಕ್ಕೆ ಉರಿಯುವಂಥದ್ದು. ಉದ್ದ ನಳಿಗೆಯ ಫಿರಂಗಿಗೆ ಸರಿ. ಗುಂಡು ನಳಿಗೆ ದಾಟುವುದರೊಳಗೆ ಎಲ್ಲ ಉರಿದಿರುತ್ತದೆ. ಗಿಡ್ಡ ಕೋವಿಯಲ್ಲಿ ಅಷ್ಟು ದಾರಿಯೇ ಇಲ್ಲ. ಜಟ್ಟಪ್ಪ ಉಳಿದಿದ್ದ ಇನ್ನೊಂದು ಕೋವಿಯಿಂದ ಹೊಡೆದಾಗ ಗುಂಡು ನಾಲ್ಕು ಮಾರು ಹೋಗಿ ಹುಲ್ಲಿನಲ್ಲಿ ಬಿತ್ತು. ಉರಿಯದ ಮದ್ದು ಬೆಂಕಿಯ ನಾಲಗೆಯಾಗಿ ಹೊರಬಂದು ಬೆಟ್ಟವನ್ನೆಲ್ಲ ಬೆಳಗಿತು. ನೋಡಲು ದೀಪಾವಳಿ, ಕೆಲಸಕ್ಕೆ ಸೊನ್ನೆ.

ಜೋರಾದದ್ದು ಕೋವಿ ಒಡೆಯಿತು, ಮೆಲ್ಲಗಿನದು ಗುಂಡು ಬೀಳಿಸಿತು. ಜಟ್ಟಪ್ಪ ಕೂತು ಅತ್ತ. ಯಾಕೆ ಅಳುತ್ತಿದ್ದೇನೆ ಎಂದು ಮರೆತ. ತಂಗಿ ನೆನಪಾಗಿ ಮತ್ತೆ ಅತ್ತ.

ಮೂರನೆಯ ಬೆಟ್ಟದಲ್ಲಿ ಬೆಳ್ಳಿ ಕೊಕ್ಕಿನ ಮುದಿ ಕೊಕ್ಕರೆ ಅರಳುಮದ್ದನ್ನು ಕಾಯುತ್ತಿತ್ತು. ಹುರಿದ ಭತ್ತದ ಅರಳಿನ ಹಾಗೆ ಉಬ್ಬಿದ, ಹಗುರ ಮದ್ದು. ಒಂದು ಬುಟ್ಟಿ ಎತ್ತಿದರೂ ಏನೂ ಎತ್ತಿದಂತಿಲ್ಲ.

"ನನ್ನ ಒಗಟಿಗೆ ಉತ್ತರ ಹೇಳಬೇಕು" ಎಂದಿತು ಕೊಕ್ಕರೆ. "ಆದರೆ ಒಗಟೇ ಮರೆತುಹೋಗಿದೆ. ನೀನು ಉತ್ತರ ಹೇಳು, ಒಗಟು ಹಿಂದಿನಿಂದ ಬಂದೀತು."

"ಒಗಟು ಗೊತ್ತಿಲ್ಲದೆ ಉತ್ತರ ಹೆಂಗಜ್ಜಿ?"

"ನನ್ನನ್ನು ಕೇಳಿದರೆ? ಹೇಳು ಏನಾದರೂ!"

ಜಟ್ಟಪ್ಪನಿಗೆ ತಿಳಿದಿದ್ದ ವಸ್ತು ಒಂದೇ. "ಸೇರು" ಎಂದ.

ಕೊಕ್ಕರೆ ಒಂಟಿ ಕಾಲಿನಲ್ಲಿ ಕುಣಿಯಿತು. "ಬಂತು! ತುಂಬಿದ್ದನ್ನು ತಾನೇ ಹೇಳುವುದು ಯಾವುದು? ಇದೇ ನನ್ನ ಒಗಟು. ಅಲ್ಲದಿದ್ದರೂ ಇನ್ನುಮುಂದೆ ಇದೇ! ತಗೋ. ಗಿಡ್ಡ ನಳಿಗೆಯಲ್ಲೇ ಉರಿದು ಮುಗಿಯುತ್ತೆ. ಆದರೆ ಮಿಂಚುಮದ್ದಿನಷ್ಟು ಜೋರಿಲ್ಲ, ಮಸಿ ಜಾಸ್ತಿ, ಯಾರೂ ಮೂಸಿ ನೋಡಲ್ಲ."

ಜಟ್ಟಪ್ಪ ತೋಟಾಕ್ಕೆ ಅರಳುಮದ್ದು ಸುರಿದ. ಒಂದೇ ಅಳತೆಗೆ ಅಂಚಿನವರೆಗೂ ತುಂಬಿತು. ಮರೆತು ಮತ್ತೆ ಸುರಿದ. ಎಲ್ಲ ಹೊರಗೆ ಚೆಲ್ಲಿತು. ಅವನು ಚೆಲ್ಲಿದ್ದನ್ನೇ ಬಹಳ ಹೊತ್ತು ನೋಡಿದ.

"ಅಜ್ಜೀ, ನಾನು ಮರೆತರೂ ಇದು ಮರೆಯಲ್ಲ!" ಎಂದು ಕೂಗಿ ಮಾಂತ್ರಿಕನ ಮನೆಯತ್ತ ಓಡಿದ.

ತುಂಬಿದ ಆಯುಧ ಬಂದರೆ ಧೂಮಕರ್ಣನ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆದ್ದರಿಂದ ಜಟ್ಟಪ್ಪ ತೋಟಾವನ್ನೂ ಬರಿದು ಮಾಡಿ, ಖಾಲಿ ಕೋವಿ ಮತ್ತು ಮದ್ದಿನ ಬುಟ್ಟಿ ಹಿಡಿದೇ ಒಳಗೆ ಹೋದ. ಮಾಂತ್ರಿಕ ಹೊಗೆಯ ಸಿಂಹಾಸನದಲ್ಲಿ ಕೂತಿದ್ದ. ಹೆಗಲ ಮೇಲಿನ ಗೊರವಂಕ "ಜಟ್ಟ... ಜಟ್..." ಎಂದಿತು. ಅದಕ್ಕೆ ಉಳಿದಿದ್ದ ಮಾತು ಅಷ್ಟೇ, ಅದೂ ಅರ್ಧ.

ಜಟ್ಟಪ್ಪ ತೋಟಾ ತುಂಬಿ "ಲಾಭ" ಎಂದ. ಮಾಂತ್ರಿಕ ಉಫ್ ಎಂದು ಊದಿದ.

"ಮದ್ದು ಹಾಕಿದೆಯೇನಯ್ಯಾ?" ಎಂದು ನಕ್ಕ.

ಹಾಕಿದೆನೇ? ಜಟ್ಟಪ್ಪ ಸುರಿದ. ಚೆಲ್ಲಿತು. ತುಂಬಿದೆ! ಮಾಂತ್ರಿಕ ಮತ್ತೆ ಊದಿದ. ಜಟ್ಟಪ್ಪ ಮತ್ತೆ ಸುರಿದ, ಮತ್ತೆ ಚೆಲ್ಲಿತು. ಅಂಗೈಯಿಂದ ಸೇರು ಸವರುವ ಹಾಗೆ ಸವರಿ, ಮೇಲೆ ಗುಂಡು ಒತ್ತಿ, ತೋಟಾವನ್ನು ಕೋವಿಗೆ ಸೇರಿಸಿದ. ಧೂಮಕರ್ಣ ಮೂರನೆಯ ಸಲ ಊದಲು ಕೆನ್ನೆ ಉಬ್ಬಿಸಿದ.

ಗೊರವಂಕ "ಜ..." ಎಂದಿತು.

ಢಂ!

ಎಡಗಿವಿಯ ಗಂಟೆ ಪುಡಿಯಾಯಿತು. ಧೂಮಕರ್ಣ ಕೆನ್ನೆ ಉಬ್ಬಿಸಿಕೊಂಡೇ ಹೊಗೆಯಾಗಿ ಕಿಟಕಿಯಿಂದ ಹೋದ. ಮಂಜು ಹರಿಯಿತು. ಅರಮನೆಯಲ್ಲಿ ಅರಸ ಮಂತ್ರಿಯ ಮಡಿಲಿನಿಂದ ಗಡಬಡಿಸಿ ಎದ್ದ.

ಹೊಗೆ ಆರಿದಾಗ ಎದುರಿಗೆ ಸೂರಮ್ಮ ನಿಂತಿದ್ದಳು. ತುಟಿ ಅಲುಗುತ್ತಿತ್ತು, ಸ್ವರವಿಲ್ಲ. ಜಟ್ಟಪ್ಪ ಅವಳ ಎರಡೂ ಭುಜ ಹಿಡಿದ.

"ಸೂರೀ, ನನ್ನ ಹೆಸರು ಹೇಳೇ. ಹೇಳೇ ತಾಯಿ."

"ಜಟ್ಟಣ್ಣ" ಎಂದಳು ಅವಳು. ಅಷ್ಟೇ, ಕಟ್ಟೆ ಒಡೆಯಿತು. ಉದುರಿದ್ದ ಮಾತುಗಳೆಲ್ಲ ಒಟ್ಟಿಗೆ ಬಂದವು. ಹೆಗಲ ಬೆವರಿನ ವಾಸನೆ, ಹುಳ ತಿಂದ ಕಷ್ಟ, ಮಾಂತ್ರಿಕನ ಗೊರಕೆ, ನೆರೆಮನೆಯವಳು ಒಯ್ದ ಜರಡಿ... ಮನೆ ಮುಟ್ಟುವವರೆಗೂ ಅವಳು ಬಾಯಿ ಮುಚ್ಚಲಿಲ್ಲ. ಹಿಂದೆ ಆಗಿದ್ದರೆ ಜಟ್ಟಪ್ಪ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ. ಈ ಸಲ, ಅವಳು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ, "ಆಮೇಲೆ?" ಎಂದು ಕೇಳುತ್ತ ನಡೆದ.

ಮಬ್ಬೂರಿನವರು ಈಗಲೂ ಸುಖವಾಗಿದ್ದಾರೆ. ಹೋದ ವಾರ ನಾನೇ ಅಲ್ಲಿ ಉಂಡು ಬಂದೆ. ಪಾಯಸಕ್ಕೆ ಬೆಲ್ಲ ಸರಿಯಾಗಿತ್ತು.