ಮೊದಲ ಪ್ರತಿ

ನೆದರ್‌ಲ್ಯಾಂಡ್ಸ್‌ನ ವೂರ್‌ಬರ್ಗ್‌ನಲ್ಲಿರುವ ಇಟಲಿಯ ವೃದ್ಧೆ ದೊನಾತಾ ಅವರ ಮನೆಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಅವರ ಅಜ್ಜ ಇಟಲಿಯಲ್ಲಿ ಕಟ್ಟಿದ ಪುಸ್ತಕ ಪ್ರಕಾಶನದ ಚರಿತ್ರೆ ಬರೆದುಕೊಡಲು ಪ್ರತಿ ಶನಿವಾರ ಮಧ್ಯಾಹ್ನ ನಾನು ಓದುತ್ತಿರುವ ಡೆಲ್ಫ್ಟ್‌ನಿಂದ ಅಲ್ಲಿಗೆ ಹೋಗುತ್ತಿದ್ದೆ. ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಿಸಿ ಹೊಲಿದ ಪುಟಗಳು ಅಂಚಿನಲ್ಲಿ ಕೂಡಿಕೊಂಡೇ ಇರುತ್ತವೆ; ಪ್ರತಿ ಪುಸ್ತಕದ ಮೊದಲ ಪ್ರತಿಯನ್ನು ಆ ಮಡಿಕೆ ಕತ್ತರಿಸದೆ ಅಜ್ಜನ ಕೈಗೆ ಕೊಡುವುದು ಆ ಪ್ರಕಾಶನದ ಪದ್ಧತಿ. ಅವರು ಮೂಳೆಯ ಚಾಕುವಿನಿಂದ ಒಂದೊಂದೇ ಮಡಿಕೆ ಬಿಡಿಸಿ ಓದುತ್ತಿದ್ದರು. ಅವರು ಓದಿ ಮುಗಿಸದೆ ಪುಸ್ತಕ ಅಂಗಡಿಗೆ ಹೋಗುವಂತಿರಲಿಲ್ಲ. ಅವರು ತೀರಿಹೋದ ಮೇಲೆ ಬಂದ ಹನ್ನೊಂದು ಪುಸ್ತಕಗಳ ಮೊದಲ ಪ್ರತಿಗಳು ಮಡಿಕೆ ಬಿಡಿಸದೆ, ಆ ಚಾಕುವಿನ ಜೊತೆ ದೊನಾತಾ ಅವರ ಮನೆಯಲ್ಲಿ ಹಾಗೇ ಉಳಿದಿದ್ದವು. ಮೊದಲ ವಾರ ನಾನೇ ನೋಡಿದ್ದೆ.

ಎರಡನೆಯ ವಾರ ಅವುಗಳಲ್ಲಿ ಒಂದರ ಮಡಿಕೆಗಳನ್ನೆಲ್ಲ ಯಾರೋ ಬಿಡಿಸಿದ್ದರು. ಮೇಜಿನ ಮೇಲೆ ಕಾಗದದ ಸಣ್ಣ ಪುಡಿ ಬಿದ್ದಿತ್ತು. ಚಾಕು ಬೆಚ್ಚಗಿತ್ತು.

"ನೀನಾ?" ಎಂದರು ದೊನಾತಾ. ನನಗೋ ಅವರ ಮೇಲೆಯೇ ಅನುಮಾನ.

"ಆ ಅಜ್ಜಿನೇ ಮಾಡಿ ನಿನ್ ಮೇಲೆ ಹಾಕ್ತಿದಾರೆ ಕಣೇ," ಎಂದಳು ಡೆಲ್ಫ್ಟ್‌ನಲ್ಲಿ ನನ್ನ ರೂಮ್‌ಮೇಟ್ ಆಗಿರುವ ಅಶ್ವಿತಾ.

ವಾರಕ್ಕೊಂದು ಪುಸ್ತಕದ ಮಡಿಕೆ ಬಿಡುತ್ತ ಹನ್ನೊಂದನೆಯದೂ ಮುಗಿದ ದಿನ, ಯಾರಿಗೂ ಹೇಳದೆ ಚಾಕುವನ್ನು ನನ್ನ ಬ್ಯಾಗಿಗೆ ಹಾಕಿಕೊಂಡು ಬಂದೆ.

ಆಮೇಲೆ ನಾನು ಬರೆದ ಚರಿತ್ರೆ ಅಚ್ಚಾಯಿತು. ಮೊದಲ ಪ್ರತಿಯ ಮಡಿಕೆ ಕತ್ತರಿಸಬೇಡಿ ಎಂದು ಪ್ರೆಸ್ಸಿನವರಿಗೆ ಹೇಳಿದ್ದವಳೂ ನಾನೇ. ಅದನ್ನು ಚಾಕುವಿನ ಪಕ್ಕ ರೂಮಿನಲ್ಲಿಟ್ಟು ಕ್ಲಾಸಿಗೆ ಹೋಗಿ ಬಂದೆ. ಮೇಜಿನ ಮೇಲೆ ಕಾಗದದ ಪುಡಿ.

"ನಾನ್ ಮುಟ್ಟೇ ಇಲ್ಲ, ಪ್ರಾಮಿಸ್," ಎಂದಳು ಅಶ್ವಿತಾ.

ನಲವತ್ತೆಂಟನೆಯ ಪುಟದವರೆಗೆ ಮಡಿಕೆಗಳನ್ನು ಬಿಡಿಸಲಾಗಿತ್ತು. ನಲವತ್ತೊಂಬತ್ತರಿಂದ ಅಜ್ಜನ ಸಾವಿನ ಅಧ್ಯಾಯ.

ಎರಡು ತಿಂಗಳಾಯಿತು. ಅಲ್ಲಿಂದಾಚೆಗೆ ಒಂದು ಮಡಿಕೆಯನ್ನೂ ಯಾರೂ ಬಿಡಿಸಿಲ್ಲ. ಚಾಕು ಮಾತ್ರ ಇನ್ನೂ ಬೆಚ್ಚಗಿದೆ.