ಸಾವಿರದ ಒಂಬತ್ತು ಮಂದಿಯ ಪಟ್ಟಣ

ಬಹಳ ಹಿಂದಿನ ಮಾತು. ಏಳು ಬೆಟ್ಟಗಳಾಚೆ ಮಣಿಹಾಳವೆಂಬ ರಾಜ್ಯವಿತ್ತು. ರಾಜ್ಯವೆಂದರೆ ಒಂದೇ ಪಟ್ಟಣ, ಆದರೆ ಅಲ್ಲಿನವರ ಠೀವಿ ನೋಡಬೇಕಿತ್ತು! ಹೊನ್ನಾದೇವಿ ಎಂಬ ಹರೆಯದ ರಾಣಿ ಅದನ್ನು ಆಳುತ್ತಿದ್ದಳು.

ಒಂದು ದಿನ ಘಟಕೇತು ಎಂಬ ಮಂತ್ರವಾದಿ ಹದ್ದಿನ ಮೇಲೆ ಬಂದಿಳಿದ.

"ರಾಣೀ, ಮೂರು ಸರದಿ. ನೀನು ಮುಂದಿಟ್ಟದ್ದನ್ನು ನಾನು ಸಮಸಮ ಸಾಲು ಮಾಡಿದರೆ ಅದು ಕಲ್ಲಾಗುತ್ತದೆ. ಒಂದೇ ಸಾಲು ಮಾಡುವುದಿಲ್ಲ, ಒಂದೊಂದನ್ನೇ ಬಿಡಿಬಿಡಿಯಾಗಿಯೂ ಇಡುವುದಿಲ್ಲ. ಆಗದಿದ್ದರೆ ನಾನೇ ಒಡೆದು ಚೂರಾಗುತ್ತೇನೆ. ಕೊನೆಯ ಸರದಿ ನಿನ್ನ ಜನರದ್ದು!"

ರಾಣಿ ಮೊದಲು ತೊಂಬತ್ತೊಂದು ಆನೆಗಳನ್ನು ಬಿಟ್ಟಳು. ಎರಡರಲ್ಲಿ ಭಾಗ ಹೋಗದು, ಮೂರರಲ್ಲಿ ಹೋಗದು, ಐದರಲ್ಲೂ ಹೋಗದು ಎಂದು ಬೀಗಿದಳು. ಅವನು ನಕ್ಕು ಹದಿಮೂರರಂತೆ ಏಳು ಸಾಲು ಮಾಡಿದ. ಆನೆಗಳೆಲ್ಲ ಕಲ್ಲಾದವು.

ಆಮೇಲೆ ಇನ್ನೂರ ಇಪ್ಪತ್ತೊಂದು ಕುದುರೆಗಳು. ಈ ಸಲ ಹನ್ನೊಂದರವರೆಗೂ ಭಾಗಿಸಿ ನೋಡಿದ್ದಳು. ಅವನು ಹದಿನೇಳರಂತೆ ಹದಿಮೂರು ಸಾಲು ಮಾಡಿದ. ಕುದುರೆಗಳೂ ಕಲ್ಲಾದವು.

"ಅಯ್ಯೋ, ಅರ್ಧಕ್ಕೇ ನಿಲ್ಲಿಸಿಬಿಟ್ಟೆನಲ್ಲ!" ಎಂದು ರಾಣಿ ಹಣೆ ಚಚ್ಚಿಕೊಂಡಳು.

ಉಳಿದದ್ದು ಜನ. ರಾಣಿಯೂ ಸೇರಿ ಸಾವಿರದ ಒಂಬತ್ತು ಮಂದಿ. ಈ ಸಲ ಅವಳು ಕೊನೆಮುಟ್ಟ ಲೆಕ್ಕ ಹಾಕಿ, ಬಯಲಿಗೆ ಬಂದು ಎಲ್ಲರ ನಡುವೆ ನೆಲದ ಮೇಲೇ ಕೂತಳು.

ಮಂತ್ರವಾದಿ ಎರಡು ಸಾಲು ಮಾಡಿದ, ಒಬ್ಬಳು ಮಿಕ್ಕಳು. ಮೂರು ಸಾಲು ಮಾಡಿದ, ಒಬ್ಬಳು ಮಿಕ್ಕಳು. ಏಳು ಮಾಡಿದ, ಮತ್ತೆ ಅವಳೇ! ಅವಳು ಮಜ್ಜಿಗೆ ಮಾರುವ ಕೆಂಚವ್ವ, ಊರಿಗೇ ಹೆಸರಾದ ಜಗಳಗಂಟಿ. ಮೂವತ್ತೊಂದರವರೆಗೂ ಅವನು ಬೆವರು ಸುರಿಸಿದ, ಯಾರಾದರೂ ಮಿಗುತ್ತಲೇ ಇದ್ದರು.

"ಸಾಕು ನಿಲ್ಲಿಸಯ್ಯಾ!" ಎಂದಳು ರಾಣಿ. "ಮೂವತ್ತೆರಡು ಸಾಲಿನಲ್ಲಿ ತಲಾ ಮೂವತ್ತೆರಡು ಮಂದಿ ಕೂತರೆ ನಮ್ಮ ಲೆಕ್ಕವನ್ನೇ ಮೀರುತ್ತದೆ. ಸಾಲು ಹೆಚ್ಚಿಸಿದರೆ ಸಾಲಿನೊಳಗಿನ ಮಂದಿ ಕಡಿಮೆಯಾಗಬೇಕು. ಆ ಚಿಕ್ಕ ಸಂಖ್ಯೆಗಳೆಲ್ಲ ಆಗಲೇ ಸೋತಿವೆ. ನಮ್ಮನ್ನು ಒಡೆಯಲಾರೆ!"

ಘಟಕೇತು ದನಿ ಮೆತ್ತಗೆ ಮಾಡಿ ಜನರತ್ತ ತಿರುಗಿದ. "ಒಬ್ಬರು ಎದ್ದು ಬನ್ನಿ. ಅವರಿಗೆ ಪ್ರಾಣ, ನನ್ನ ಹದ್ದು, ಒಂದು ರಾಜ್ಯ."

ರಾಣಿ ತಟ್ಟನೆ ಲೆಕ್ಕ ಹಾಕಿದಳು. ಒಬ್ಬರು ಹೋದರೆ ಸಾವಿರದ ಎಂಟು, ಎರಡಕ್ಕೂ ಮೂರಕ್ಕೂ ಏಳಕ್ಕೂ ಒಡೆಯುವ ಸಂಖ್ಯೆ. ಅಷ್ಟರಲ್ಲಿ ಕೆಂಚವ್ವ ಎದ್ದು ನಿಂತಳು.

"ಲೋ ಮಂತ್ರವಾದಿ," ಎಂದು ಸೆರಗು ಸಿಕ್ಕಿಸಿದಳು, "ಈ ಊರಲ್ಲಿ ನಾನು ಜಗಳ ಆಡದ ಮನೆ ಒಂದೂ ಇಲ್ಲ. ಇವರೆಲ್ಲ ಕಲ್ಲಾದರೆ ನಾಳೆ ಯಾರ ಜೊತೆ ಜಗಳ ಆಡಲಿ? ನಿನ್ನ ಹದ್ದಿನ ಜೊತೇನಾ? ಹೋಗೋಲೋ!"

ಅಂದವಳೇ ಧೊಪ್ಪನೆ ಕೂತು, ರಾಣಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಘಟಕೇತು ಅಲ್ಲೇ ಫಳ್ಳೆಂದು ಒಡೆದು ಚೂರಾದ. ಆನೆಗಳು ಘೀಳಿಟ್ಟವು, ಕುದುರೆಗಳು ಕೆನೆದವು. ರಾಣಿ ಹೆಮ್ಮೆಯಿಂದ ಬಿಕ್ಕಿಬಿಕ್ಕಿ ಅತ್ತಳು. ಲೆಕ್ಕ ತನ್ನದೇ ಆದರೂ ಗೆದ್ದವರು ತನ್ನ ಜನ ಎಂದು ಅವಳಿಗೆ ಗೊತ್ತಿತ್ತು.

ಆಮೇಲೆ ಮಣಿಹಾಳದವರು ನೂರು ಕಾಲ ಸುಖವಾಗಿ ಬಾಳಿದರು, ದಿನಾ ಜಗಳ ಆಡಿಕೊಂಡೇ.