ತರ್ಕಸೂಚಿ

ನೀಲಾಂಬಿಕಾ ಹೊಸಮನಿ ಪರದೆಯ ಮೇಲಿನ ಪ್ರಶ್ನೆಯನ್ನು ಓದಿದಳು. 'ಈ ಊರಿನ ನೇಕಾರರೆಲ್ಲ ಸಹಕಾರ ಸಂಘದ ಸದಸ್ಯರು. ಬಸಪ್ಪ ಆ ಸಂಘದ ಸದಸ್ಯ. ಆದ್ದರಿಂದ ಬಸಪ್ಪ ನೇಕಾರ.' ಸರಿಯಾಗಿಯೇ ಇದೆ ಅನ್ನಿಸಿತು. ಮರುಕ್ಷಣ ಬಲಗಿವಿಯ ಹಿಂದೆ ಇರುವೆ ಕಚ್ಚಿದಂತಾಯಿತು. ಮತ್ತೆ ಓದಿದಳು. ನೇಕಾರರಲ್ಲದವರೂ ಸಂಘದಲ್ಲಿ ಇರಬಹುದಲ್ಲ.

ಕಿವಿಯ ಹಿಂದೆ ಅಂಟಿಸಿದ್ದ ಬೆರಳಗಲದ ಪಟ್ಟಿಯ ಹೆಸರು ತರ್ಕಸೂಚಿ. ಧಾರವಾಡದ ನರವಿಜ್ಞಾನಿ ಡಾ. ವಸುಂಧರಾ ಪಡಸಲಗಿ ಅದನ್ನು ರೂಪಿಸಿದ್ದರು. ಯಾವುದೇ ವಾದವನ್ನು ಓದುವಾಗ, ಅದರಲ್ಲಿ ಹೇಳದೆ ಬಿಟ್ಟ ಆಧಾರವನ್ನು ಮನಸ್ಸು ತಾನೇ ತುಂಬಿಕೊಂಡು ಮುಂದೆ ಜಾರಿಬಿಡುತ್ತದೆ. ಆಗ ಮಿದುಳಿನಲ್ಲಿ ಏಳುವ ಕ್ಷೀಣವಾದ ಅಲೆಗೆ ಅವರು 'ಜಾರುತರಂಗ' ಎಂದು ಹೆಸರಿಟ್ಟಿದ್ದರು. ಪಟ್ಟಿ ಆ ಅಲೆಯನ್ನು ಹಿಡಿದು ಚುಚ್ಚುತ್ತಿತ್ತು. ಕೆಲವು ತಿಂಗಳ ಅಭ್ಯಾಸದ ನಂತರ ಪಟ್ಟಿಯನ್ನು ತೆಗೆದರೂ ಮನಸ್ಸು ಎಚ್ಚರವಾಗಿಯೇ ಇರುತ್ತಿತ್ತು. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದುವವರು ಅದಕ್ಕಾಗಿ ಮುಗಿಬಿದ್ದಿದ್ದರು.

ನೀಲಾಂಬಿಕಾ ಶಿಶುವಿಹಾರದ ಶಿಕ್ಷಕಿ. ವಕೀಲಳಾಗಬೇಕೆಂದು ಅವಳು ಹಟ ಹಿಡಿದದ್ದು ತಮ್ಮ ಚನ್ನವೀರನಿಗಾಗಿ. ಕೆಲಸಕ್ಕಿದ್ದ ಹತ್ತಿ ಗೋದಾಮಿಗೆ ಬೆಂಕಿ ಹಚ್ಚಿದನೆಂದು ಅವನನ್ನು ಹಿಡಿದಿದ್ದರು. ಕಾವಲುಗಾರನೊಬ್ಬ ಸುಟ್ಟ ಗಾಯಗಳಿಂದ ಸತ್ತಿದ್ದ. ಸರ್ಕಾರ ಕೊಟ್ಟ ವಕೀಲರು ಚನ್ನವೀರನ ಮಾತನ್ನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ವಿಚಾರಣೆ ಎಳೆಯುವ ರೀತಿ ನೋಡಿದರೆ, ಅದು ಮುಗಿಯುವಷ್ಟರಲ್ಲಿ ತಾನೇ ಕರಿಕೋಟು ತೊಟ್ಟು ಅವನ ಪರ ನಿಲ್ಲಬಹುದೆಂದು ಅವಳಿಗೆ ತೋರಿತ್ತು.

ಪರೀಕ್ಷೆಯಲ್ಲಿ ತರ್ಕದ ಪ್ರಶ್ನೆಗಳು ಅವಳಿಗೆ ನೀರು ಕುಡಿದಷ್ಟು ಸಲೀಸಾದವು. ಮೊದಲ ಪಟ್ಟಿಯಲ್ಲೇ ಸೀಟು ಸಿಕ್ಕಿತು. ಸುದ್ದಿ ಹೇಳಲು ಜೈಲಿಗೆ ಹೋದಳು. ಚನ್ನವೀರ ಹಿಗ್ಗಿದ. ಇನ್ನು ತನ್ನ ಕಥೆ ಕೇಳುವ ವಕೀಲರು ಮನೆಯಲ್ಲೇ ಇದ್ದಾರೆಂದು, ನೂರು ಸಲ ಹೇಳಿದ್ದನ್ನು ಮತ್ತೆ ಹೇಳಲು ಕೂತ.

"ಆವತ್ತ ಮಧ್ಯಾಹ್ನ ನಾನೂ ಫಕೀರೇಶನೂ ಅವರ ಮನ್ಯಾಗ ಮಲಗಿದ್ವಿ. ಬೇಕಾರ ಅವನ್ನ ಕೇಳು."

ಕಿವಿಯ ಹಿಂದೆ ಚುರುಕ್ ಎಂದಿತು. ಅಲ್ಲಿ ಪಟ್ಟಿ ಇರಲಿಲ್ಲ. ಗೆಳೆಯನೂ ಮಲಗಿದ್ದ ಮೇಲೆ ಇವನು ಎದ್ದು ಹೋಗಲಿಲ್ಲವೆಂದು ಅವನಿಗೆ ತಿಳಿಯುವುದು ಹೇಗೆ? ಬೆಂಕಿಗೆ ಮುಂಚೆ ಗೋದಾಮಿನ ಮಾಲೀಕರ ಜೊತೆ ಆಗಿದ್ದ ಜಗಳ ಆದ ದಿನವೇ ತೀರಿತ್ತು ಎಂದ, ಮತ್ತೆ ಚುಚ್ಚಿತು. ತಾನು ಒಂದು ಇರುವೆಯನ್ನೂ ಕೊಂದವನಲ್ಲ ಎಂದ, ಮತ್ತೆ. ಇದೇ ಮಾತುಗಳನ್ನು ಇಷ್ಟು ದಿನ ಅವಳು ಅಳುತ್ತ ನಂಬಿದ್ದಳು.

ಜೈಲಿನಿಂದ ನೇರವಾಗಿ ಧಾರವಾಡಕ್ಕೆ ಹೋಗಿ, ಈ ಚುಚ್ಚುವುದನ್ನು ನಿಲ್ಲಿಸಿಬಿಡಿ ಎಂದು ಡಾ. ಪಡಸಲಗಿಯವರನ್ನು ಬೇಡಿಕೊಂಡಳು. ಅವರು ಅವಳ ಮಿದುಳಿನ ಅಲೆಗಳನ್ನು ಪರೀಕ್ಷಿಸಿದರು. ಕಾಯಿಲೆ ಏನೂ ಇರಲಿಲ್ಲ.

"ಪಟ್ಟಿ ಎಂದೋ ತಗದೀವಿ. ಈಗ ಚುಚ್ಚೂದು ನಿಮ್ಮ ಮನಸ್ಸು. ಅದಕ್ಕ ಕಲಸ್ಲಿಕ್ಕೆ ನನಗ ಬಂತು, ಮರಸ್ಲಿಕ್ಕೆ ಬರೂದಿಲ್ಲ," ಎಂದರು.

"ಹಂಗಾರ ನನ್ನ ತಮ್ಮ ಸುಳ್ಳು ಹೇಳ್ತಾನಂತೇನ್ರಿ ಮೇಡಂ?"

"ಅದು ಸುಳ್ಳು ಹಿಡಿಯೂದಲ್ಲ. ಖರೇ ಮಾತಿನಾಗೂ ಸಂದು ಇರ್ತಾವ. ನಮ್ಮವರ ಮಾತಿನಾಗಿನ ಸಂದು ನಾವ ತುಂಬಕೋತೀವಿ, ಅಷ್ಟ." ತಮ್ಮ ಗಂಡನೂ ಈ ಪಟ್ಟಿಯ ಮೊದಲ ಪ್ರಯೋಗಕ್ಕೆ ಕೂತಿದ್ದರೆಂದು, ಈಗ ತಮ್ಮೊಡನೆ ಹೆಚ್ಚು ಮಾತಾಡುವುದಿಲ್ಲವೆಂದು ಹೇಳಿದರು.

ಅವಳು ಕಾನೂನಿನ ಎರಡನೆಯ ವರ್ಷದಲ್ಲಿದ್ದಾಗ ತೀರ್ಪು ಬಂತು. ಸಾಕ್ಷ್ಯ ಸಾಲದೆಂದು ನ್ಯಾಯಾಲಯ ಚನ್ನವೀರನನ್ನು ಬಿಡುಗಡೆ ಮಾಡಿತು. ಓಣಿಯವರು ಪೇಢೆ ಹಂಚಿದರು. ತಾಯಿ ಮಗನ ಮುಖ ಸವರುತ್ತ, ಇವನು ತಪ್ಪು ಮಾಡಿಲ್ಲ ಅಂತ ಕೋರ್ಟೇ ಹೇಳಿತು ಎಂದು ಬಂದವರಿಗೆಲ್ಲ ಹೇಳಿದಳು. ಸಾಕ್ಷ್ಯ ಸಾಲದು ಎಂಬುದಕ್ಕೂ ತಪ್ಪು ಮಾಡಿಲ್ಲ ಎಂಬುದಕ್ಕೂ ನಡುವೆ ಇರುವ ಅಂತರ ಆ ಮನೆಯಲ್ಲಿ ನೀಲಾಂಬಿಕಾಳನ್ನು ಮಾತ್ರ ಚುಚ್ಚಿತು.

ಊಟಕ್ಕೆ ಕೂತಾಗ ಚನ್ನವೀರ ಅವಳ ಕಡೆ ತಿರುಗಿದ.

"ಎಲ್ಲಾರೂ ನಾ ತಪ್ಪು ಮಾಡಿಲ್ಲ ಅಂದ್ರು. ನೀ ಏನೂ ಅನ್ಲಿಲ್ಲಲ್ಲ ಅಕ್ಕಾ."

ಅವನು ನಿರಪರಾಧಿಯೆಂದು ಅವಳಿಗೆ ತಿಳಿದಿರಲಿಲ್ಲ, ಅಪರಾಧಿಯೆಂದೂ ತಿಳಿದಿರಲಿಲ್ಲ. ಹೇಳಲು ಒಂದೇ ಒಂದು ಮಾತು ಸಾಕಿತ್ತು. ರೊಟ್ಟಿಯ ಬುಟ್ಟಿ ಎತ್ತಿಕೊಂಡಳು. ರೊಟ್ಟಿ ಹಾಕಲೇ ಎಂದು ಕೇಳಿದಳು.

ಅವನು ಬೇಡವೆಂದ. ಉಂಡ ತಟ್ಟೆಯನ್ನು, ಬೇರೆಯವರ ಮನೆಗೆ ಬಂದವನ ಹಾಗೆ ತಾನೇ ತೊಳೆದಿಟ್ಟು, ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ.